ಹಳೆ ಗಾಡಿ ಆರೋಗ್ಯ ಪ್ರಶ್ನೋತ್ತರ: ಒತ್ತಿದರೆ ಸದ್ದು, ಬಿಟ್ಟರೆ ಇಲ್ಲ

ಪ್ರಶ್ನೆ: ನಮ್ಮದು 1980ರ ದಶಕದ ಅಂಬಾಸಡರ್. ಎಕ್ಸಲರೇಟರ್ ಒತ್ತಿದರೆ ಹಿಂದಿನಿಂದ ಗುಂಯ್ ಅನ್ನುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ಒಬ್ಬ ಮಿಸ್ತ್ರಿ ಕ್ರೌನ್-ಪಿನಿಯನ್ ಹೋಗಿದೆ ಅನ್ನುತ್ತಾರೆ. ಇನ್ನೊಬ್ಬರು 140ರ ದಪ್ಪ ಆಯಿಲ್ ಹಾಕಿದರೆ ಸಾಕು ಅನ್ನುತ್ತಾರೆ. ಯಾರ ಮಾತು ಕೇಳಲಿ? — ಆಳಂದ

ಉತ್ತರ: ಸದ್ಯಕ್ಕೆ ಇಬ್ಬರದೂ ಬೇಡ. ಕಾಲು ಒತ್ತಿದಾಗ ಗಾಡಿಯಲ್ಲಿ ಎಂಜಿನ್ನಿನ ವೇಗ, ಚಕ್ರದ ವೇಗ, ಹಲ್ಲುಗಳ ಮೇಲೆ ಬೀಳುವ ಹೊರೆ, ಈ ಮೂರೂ ಒಟ್ಟಿಗೆ ಬದಲಾಗುತ್ತವೆ. ಸದ್ದು ಯಾವುದರ ಬೆನ್ನು ಹತ್ತಿದೆ ಎಂದು ಬಿಡಿಸಿ ನೋಡದೆ ಹೌಸಿಂಗ್ ಬಿಚ್ಚುವುದು ತಪ್ಪು. ಕಡಗಂಚಿಯ ಕಡೆ ರಸ್ತೆ ಖಾಲಿ ಇರುವ ಹೊತ್ತು ನೋಡಿ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಒಮ್ಮೆ ಮೂರನೇ ಗೇರಿನಲ್ಲಿ, ಒಮ್ಮೆ ಟಾಪಿನಲ್ಲಿ ಓಡಿಸಿ. ಗೇರಿನೊಂದಿಗೆ ಸ್ವರವೂ ಬದಲಾದರೆ ದೋಷ ಮುಂದೆ, ಎಂಜಿನ್ನಿನಲ್ಲೋ ಗೇರ್‌ಬಾಕ್ಸಿನಲ್ಲೋ ಇದೆ. ಟಾಪಿನಲ್ಲಿ ಶಕ್ತಿ ನೇರವಾಗಿ ಹಾದುಹೋಗುವುದರಿಂದ ಗೇರ್‌ಬಾಕ್ಸಿನ ಹಲ್ಲುಗಳ ಮೇಲೆ ಹೊರೆ ಇರುವುದಿಲ್ಲ, ಅದರ ಸದ್ದು ಅಲ್ಲಿ ತಗ್ಗುತ್ತದೆ. ಎರಡರಲ್ಲೂ ಸ್ವರ ಒಂದೇ ಆಗಿದ್ದರೆ ಹಿಂದೆ ಹುಡುಕಿ. ಆಮೇಲೆ ಅದೇ ವೇಗದಲ್ಲಿ ಕಾಲನ್ನು ಸ್ವಲ್ಪವೇ ಸಡಿಲಿಸಿ, ಗಾಡಿ ಎಳೆಯುವುದೂ ಇಲ್ಲ, ತಡೆಯುವುದೂ ಇಲ್ಲ ಎಂಬ ಹದಕ್ಕೆ ತನ್ನಿ. ವೇಗ ಇಳಿಯದೆಯೇ ಸದ್ದು ಮಾಯವಾದರೆ ಅದು ಹೊರೆಯ ಸದ್ದು. ಮಿಸ್ತ್ರಿಯ ಅನುಮಾನಕ್ಕೆ ಆಗ ಅರ್ಧ ಬಲ ಬಂತು, ಪೂರ್ತಿ ಅಲ್ಲ. ಹಲ್ಲು ಚೆನ್ನಾಗಿದ್ದೂ ಪಿನಿಯನ್ ಬೇರಿಂಗ್ ಸವೆದಿದ್ದರೆ, ಹೊರೆ ಬಿದ್ದಾಗ ಪಿನಿಯನ್ ಜರುಗಿ ಹಲ್ಲಿಗೆ ಹಲ್ಲು ತಪ್ಪು ಜಾಗದಲ್ಲಿ ತಾಗಿ ಇದೇ ಗುಂಯ್ ಹುಟ್ಟುತ್ತದೆ. ಆಯಿಲ್ ಕಡಿಮೆಯಾದರೂ ಇದೇ ಪಾಡು. ಅದಕ್ಕೇ ಮೊದಲು ಮಟ್ಟ ನೋಡಿ, ಆಯಿಲ್ ಇಳಿಸಿ ಬೆರಳಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣ್ಣನೆಯ ಕೆಸರು ವಯಸ್ಸಿನ ಲಕ್ಷಣ, ಅದಕ್ಕೆ ಹೆದರಬೇಡಿ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಮಾತ್ರ ಗಾಡಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಪಿನಿಯನ್ನಿನ ಫ್ಲ್ಯಾಂಜ್ ಹಿಡಿದು ಮೇಲೆ ಕೆಳಗೆ, ಒಳಗೆ ಹೊರಗೆ ಅಲುಗಿಸಿ. ಅಲುಗಿದರೆ ಬೇರಿಂಗ್ ಹೋಗಿದೆ. ನಟ್ ಬಿಗಿದರೆ ಸರಿಹೋಗುತ್ತದೆ ಎಂದು ಉದ್ದ ಪಾನಾ ತಂದು ಒತ್ತುವವರನ್ನು ಹತ್ತಿರ ಬಿಟ್ಟುಕೊಳ್ಳಬೇಡಿ, ಉಳಿದ ಬೇರಿಂಗೂ ಅಷ್ಟರಲ್ಲೇ ಮುಗಿಯುತ್ತದೆ.

ಇನ್ನು ದಪ್ಪ ಆಯಿಲಿನ ಮಾತು. ಈ ಊರುಗಳಲ್ಲಿ ಇದರಷ್ಟು ಹಟಮಾರಿಯಾದ ನಂಬಿಕೆ ಇನ್ನೊಂದಿಲ್ಲ. ಮಾರುವ ಹಿಂದಿನ ದಿನ ಹೌಸಿಂಗಿಗೆ ಕಟ್ಟಿಗೆ ಹೊಟ್ಟು ಸುರಿಯುವ ಕಸುಬಿಗೂ ಇದಕ್ಕೂ ಬೇರು ಒಂದೇ: ಸದ್ದು ಅಡಗಿದರೆ ರೋಗ ಹೋಯಿತು ಅನ್ನುವುದು. ಹೊಟ್ಟೆನೋವಿನ ಮೂಲ ಹುಡುಕದೆ ನೋವಿನ ಗುಳಿಗೆ ನುಂಗಿ ಮಲಗಿದ ಹಾಗೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಕಲಬುರಗಿಯ ಬಿಸಿಲಿಗೆ 90ರ ಆಯಿಲ್ ತೆಳುವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಬಿಸಿ ಪ್ರದೇಶಕ್ಕೆ 140 ಒಪ್ಪುವ ಕೈಪಿಡಿಗಳೂ ಇವೆ. ಆದರೆ ಅದು ಬಿಸಿಲಿಗೆ ಹೇಳಿದ್ದು, ಸದ್ದಿಗಲ್ಲ. ಕ್ರೌನ್-ಪಿನಿಯನ್ನಿನ ಹೈಪಾಯ್ಡ್ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಭಾರಿ ಒತ್ತಡದಲ್ಲಿ ಜಾರುತ್ತವೆ ಕೂಡ. ಅವನ್ನು ಕಾಯುವುದು ದಪ್ಪಕ್ಕಿಂತ ಮುಖ್ಯವಾಗಿ ಆಯಿಲಿನಲ್ಲಿರುವ ಗಂಧಕದಂಥ ಸೇರ್ಪಡೆಗಳು. ಕೈಪಿಡಿ ಹೇಳಿದ ದಪ್ಪದ ಜಿಎಲ್-5 ದರ್ಜೆಯ ಹೈಪಾಯ್ಡ್ ಆಯಿಲ್ ಹಾಕಿ, ಡಬ್ಬಿಯ ಮೇಲೆ ಓದಿಕೊಂಡೇ ಹಾಕಿ. ಉಳಿದದ್ದನ್ನು ಗೇರ್‌ಬಾಕ್ಸಿಗೆ ಸುರಿಯಬೇಡಿ, ಅಲ್ಲಿನ ಹಿತ್ತಾಳೆ ಬಳೆಗಳಿಗೆ ಅದು ಆಗಿಬರುವುದಿಲ್ಲ.

ಇಪ್ಪತ್ತು ವರ್ಷ ಪಳಗಿದ ಮಿಸ್ತ್ರಿಯ ಕಿವಿಗಿಂತ ಈ ಪರೀಕ್ಷೆಗಳು ಹೆಚ್ಚೇ ಅಂತ ನೀವು ಕೇಳಬಹುದು. ಕಿವಿ ಸುಳ್ಳು ಹೇಳುವುದಿಲ್ಲ, ಆದರೆ ತಗಡಿನ ಬಾಡಿ ಸದ್ದನ್ನು ಒಂದು ಕಡೆಯಿಂದ ಹೊತ್ತು ಇನ್ನೊಂದು ಕಡೆ ಇಳಿಸುತ್ತದೆ. ಇನ್ನೊಂದು ಮಾತು, 2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿಕೆ ನಿಂತಿತು. ಈಗ ಸಿಗುವ ಕ್ರೌನ್-ಪಿನಿಯನ್ ಎಲ್ಲವೂ ಜೋಡಿಯಾಗಿ ಸಾಣೆ ಹಿಡಿದದ್ದೇ ಎಂಬ ಖಾತರಿ ಇಲ್ಲ. ಒಂದನ್ನು ಹೊಸದು, ಒಂದನ್ನು ಹಳೆಯದು ಹಾಕಿದರಂತೂ ಗುಂಯ್ ಹೋಗಿ ಗೊರಗೊರ ಬರುತ್ತದೆ. ಬದಲಿಸಲೇಬೇಕಾಗಿ ಬಂದರೆ ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವುದನ್ನು ನಿಮ್ಮ ಕಣ್ಣಿಗೆ ತೋರಿಸುವವರ ಕೈಗೇ ಕೊಡಿ. ಇಷ್ಟು ಬೈದ ಮೇಲೆ ಒಂದು ಸಮಾಧಾನವೂ ಇದೆ: ಒಂದೇ ಸ್ವರದಲ್ಲಿ ಗುನುಗುವ ಹಳೆಯ ಕ್ರೌನ್, ಆಯಿಲ್ ಸರಿಯಾಗಿದ್ದರೆ, ವರ್ಷಗಟ್ಟಲೆ ಓಡಬಲ್ಲದು. ಸ್ವರ ಬದಲಾದ ದಿನ ಬರೆಯಿರಿ.

ಪ್ರಶ್ನೆ: ಪದ್ಮಿನಿ ಕಾರು. ಒಬ್ಬನೇ ಓಡಿಸಿದರೆ ಏನೂ ಇಲ್ಲ. ಐದು ಜನ ಕೂತು ಗಾಣಗಾಪುರಕ್ಕೆ ಹೊರಟರೆ ಮಾತ್ರ ಕ್ಲಚ್ ಬಿಟ್ಟೊಡನೆ ಹಿಂದೆ ಟಣ್ ಅನ್ನುತ್ತದೆ. — ಅಫಜಲಪುರ

ಉತ್ತರ: ಅರ್ಧ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಜನ ಕೂತಾಗ ಹಿಂಭಾಗ ಕುಸಿಯುತ್ತದೆ, ಎಳೆತ ಶುರುವಾದಾಗ ಹೌಸಿಂಗ್ ತನ್ನ ಮೂತಿ ಎತ್ತುತ್ತದೆ, ಆಗ ಸೈಲೆನ್ಸರ್ ಪೈಪು ಅದಕ್ಕೆ ಬಡಿಯುತ್ತದೆ. ಪೈಪಿನ ಮೇಲೆ ಹೊಳೆಯುವ ಉಜ್ಜುಗುರುತು ಇದೆಯೇ ನೋಡಿ. ಇಲ್ಲದಿದ್ದರೆ ಕಮಾನು ಪಾಟಾದ ಯು-ಬೋಲ್ಟ್, ಸೆಂಟರ್ ಬೋಲ್ಟ್, ಶ್ಯಾಕಲ್ ಬುಷ್, ಕೊನೆಗೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ನೋಡಿಸಿ. ಕ್ರಾಸ್ ಒಣಗಿದ್ದರೆ ನಡಿಗೆಯ ವೇಗದಲ್ಲೇ ಕಿಚಿಕಿಚಿ ಅನ್ನುತ್ತದೆ. ಹೌಸಿಂಗ್ ಮುಟ್ಟಬೇಡಿ.

ಪ್ರಶ್ನೆ: ಮಹೀಂದ್ರಾ ಜೀಪು. ಎಕ್ಸಲರೇಟರ್ ಕೊಟ್ಟಷ್ಟೂ ಹಿಂದೆ ಗೊರಗೊರ ಏರುತ್ತದೆ. ಕ್ರೌನ್-ಪಿನಿಯನ್ ಬದಲಿಸಿದೆವು, ಸದ್ದು ಹಾಗೇ ಇದೆ. — ಜೇವರ್ಗಿ

ಉತ್ತರ: ಹಣ ಹೋಯಿತು, ಪರೀಕ್ಷೆ ಉಳಿಯಿತು. ಕಾಲು ತೆಗೆದ ಮೇಲೆ ಏನಾಗುತ್ತದೆ ಎಂದು ನೀವು ಬರೆದಿಲ್ಲ. ಬೇಕಾದದ್ದು ಅದೇ. ಭೀಮಾ ಸೇತುವೆ ದಾಟಿದ ಮೇಲೆ ಹೆದ್ದಾರಿ 50ರಲ್ಲಿ ವೇಗ ಹಿಡಿದು ಕಾಲು ತೆಗೆಯಿರಿ. ಗೊರಗೊರ ಹಾಗೇ ಮುಂದುವರಿದು ವೇಗದೊಂದಿಗೆ ಮೆಲ್ಲಗೆ ಇಳಿದರೆ ಅದಕ್ಕೂ ಹೊರೆಗೂ ಸಂಬಂಧವಿಲ್ಲ, ಕ್ರೌನ್ ನಿರಪರಾಧಿ. ಉಳಿದದ್ದು ಟೈರು ಅಥವಾ ಚಕ್ರದ ಬೇರಿಂಗ್. ಕರಿ ಮಣ್ಣಿನ ಹೊಲದ ದಾರಿಗೆ ಇಳಿದೊಡನೆ ಸದ್ದು ಕರಗಿದರೆ ದಪ್ಪ ಗುಬ್ಬಿಯ ಟೈರೇ ಕಾರಣ. ಐದಾರು ಪೌಂಡ್ ಗಾಳಿ ಏರಿಸಿ ಮತ್ತೆ ಕೇಳಿ, ಸ್ವರ ಬದಲಾದರೆ ಖಾತ್ರಿ. ಬದಲಾಗದಿದ್ದರೆ ಖಾಲಿ ಬಯಲಿನಲ್ಲಿ ಎಡಕ್ಕೆ ಬಲಕ್ಕೆ ಮೆಲ್ಲಗೆ ವಾಲಿಸಿ ಓಡಿಸಿ. ಎಡಕ್ಕೆ ತಿರುಗಿಸಿದಾಗ ಜೋರಾದರೆ ಭಾರ ಬಿದ್ದ ಬಲ ಬೇರಿಂಗನ್ನು ಅನುಮಾನಿಸಿ. ಇನ್ನು ಇದು ನಾಲ್ಕೂ ಚಕ್ರ ಎಳೆಯುವ ಜೀಪಾಗಿದ್ದರೆ ಟ್ರಾನ್ಸ್‌ಫರ್ ಕೇಸಿನ ಸದ್ದೂ ಹಿಂದಿನದೆಂದೇ ಕೇಳಿಸುತ್ತದೆ, ಅದರ ಆಯಿಲ್ ಯಾರಾದರೂ ನೋಡಿದ್ದಾರೆಯೇ ವಿಚಾರಿಸಿ. ಬೇರಿಂಗ್ ನೋಡಲು ಡ್ರಮ್ ಬಿಚ್ಚಿದಾಗ ಒಳಗೆ ಆಯಿಲ್ ಹನಿಸಿದ್ದು ಕಂಡರೆ ಸೀಲ್ ಬದಲಿಸುವುದಕ್ಕೆ ಮೊದಲು ಹೌಸಿಂಗಿನ ಮೇಲಿನ ಬ್ರೀದರ್ ನೋಡಿ. ಮಳೆಗಾಲದ ಕೆಸರು ಮೆತ್ತಿ ಅದು ಮುಚ್ಚಿಹೋಗಿದ್ದರೆ ಬಿಸಿಯಾದ ಗಾಳಿ ಹೊಸ ಸೀಲಿನಿಂದಲೂ ಆಯಿಲನ್ನು ಹೊರದೂಡುತ್ತದೆ. ಆಯಿಲ್ ಹೀರಿದ ಬ್ರೇಕ್ ಲೈನರ್ ಒರೆಸಿ ಮತ್ತೆ ಹಾಕುವಂಥದ್ದಲ್ಲ, ಎರಡೂ ಕಡೆಯದನ್ನು ಬದಲಿಸಿ. ಅಲ್ಲಿಯವರೆಗೆ ಜೀಪನ್ನು ಮನೆಯ ಮುಂದೆಯೇ ನಿಲ್ಲಿಸಿ.