2 ಗಂಟೆ 57 ನಿಮಿಷದ ನೆರಳು

ಜೂನ್ ತಿಂಗಳ ಕೊನೆ. ಪ್ರಥಮ ಪಿಯುಸಿಗೆ ತ್ರಿಕೋನಮಿತಿ ಪಾಠ ಮುಗಿಸಿ ಬೋರ್ಡ್ ಒರೆಸುತ್ತಿದ್ದೆ. ಒಬ್ಬ ವಿದ್ಯಾರ್ಥಿನಿ ಪುಸ್ತಕ ಎದೆಗೊತ್ತಿಕೊಂಡು ಬಂದು ನಿಂತಳು. ಲೆಕ್ಕದ ಸಂಶಯವಿರಬೇಕು ಅಂದುಕೊಂಡೆ. ಅವಳು ಕೇಳಿದ್ದು ಬೇರೆ.

"ಮೇಡಂ, ಫೋನಿನಲ್ಲಿ ತೋರಿಸೋ ಕಿಬ್ಲಾ ಸರಿ ಇರುತ್ತಾ?"

ಅವಳ ಅಣ್ಣ ಹೊಸ ಫೋನು ತಂದು, ಕಿಬ್ಲಾ ತೋರಿಸುವ ಆಪ್ ಹಾಕಿಕೊಂಡು, ದಾದಾರ ಕೋಣೆಯಲ್ಲಿ ಹಿಡಿದು ನೋಡಿದನಂತೆ. ಬಾಣ ಒಂದು ಕಡೆ, ದಾದಾರ ಜಾನಮಾಜ್ ಇನ್ನೊಂದು ಕಡೆ. "ನೀವು ತಪ್ಪು ದಿಕ್ಕಿಗೆ ನಿಲ್ತಿದ್ದೀರಿ" ಎಂದು ಎಲ್ಲರೆದುರು ಹೇಳಿಬಿಟ್ಟ. "ಹಾಗಾದರೆ ನಲವತ್ತು ವರ್ಷ ನಾನು ಯಾವ ಕಡೆಗೆ ನಿಂತಿದ್ದೆ?" ಎಂದು ಕೇಳಿದ ದಾದಾ ಅಂದಿನಿಂದ ಮೊಮ್ಮಗನ ಜೊತೆ ಮಾತು ಬಿಟ್ಟಿದ್ದಾರೆ.

ಮುಂದಿನ ತರಗತಿಗೆ ಬೆಲ್ ಆಗಿತ್ತು. "ಫೋನಿನಲ್ಲಿ ಜಿಪಿಎಸ್ ಇರುತ್ತಲ್ಲ, ಸರಿಯೇ ಇರುತ್ತೆ" ಎಂದು ಹೇಳಿ ಹೊರಟೆ.

ಆ ರಾತ್ರಿ ನನಗೆ ಸಮಾಧಾನವಾಗಲಿಲ್ಲ. ಗಣಿತ ಕಲಿಸುವ ನಾನು ಒಂದು ಉತ್ತರವನ್ನು ತಾಳೆ ನೋಡದೆ ಕೊಟ್ಟಿದ್ದೆ. ಅದೂ ನನಗೆ ಬಹಳ ಪ್ರಿಯವಾದ ವಿಷಯದಲ್ಲಿ. ಚಿಕ್ಕಂದಿನಿಂದ ನನಗೆ ನೆರಳು ನೋಡುವ ಹುಚ್ಚು. ತಾರಸಿಯ ಮೇಲೆ ಕೋಲು ನೆಟ್ಟು, ಗಂಟೆಗೊಮ್ಮೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಬೆಳೆದವಳು ನಾನು. ಅದನ್ನು ಒಂದು ದಿನವೂ ತರಗತಿಗೆ ತಂದಿರಲಿಲ್ಲ. ತರಗತಿಯಲ್ಲಿ ನನ್ನ "ಡಿಜಿಟಲ್ ಬೋಧನೆ" ಎಂದರೆ ಪರದೆಯ ಮೇಲೆ ಸ್ಲೈಡ್ ಹಾಕುವುದು, ಮಕ್ಕಳು ಅದನ್ನು ನಕಲು ಮಾಡಿಕೊಳ್ಳುವುದು. ಸೀಮೆಸುಣ್ಣದ ಜಾಗಕ್ಕೆ ಪ್ರೊಜೆಕ್ಟರ್ ಬಂದಿತ್ತು, ಪಾಠ ಮಾತ್ರ ಇದ್ದಲ್ಲೇ ಇತ್ತು.

ಮರುದಿನ ಅವಳನ್ನು ಕರೆದು, "ನಿನ್ನೆ ನಾನು ಯೋಚಿಸದೆ ಹೇಳಿದೆ. ಸರಿಯೋ ತಪ್ಪೋ ನಾವೇ ನೋಡೋಣ" ಎಂದೆ. ಇಡೀ ತರಗತಿ ಸೇರಿಕೊಂಡಿತು. ಒಂದೇ ಪ್ರಶ್ನೆಗೆ ಮೂರು ಬೇರೆ ಬೇರೆ ದಾರಿಯಿಂದ ಉತ್ತರ ಹುಡುಕುವುದೆಂದು ತೀರ್ಮಾನವಾಯಿತು.

ಮೊದಲ ದಾರಿ: ಲೆಕ್ಕ

ಚಾಮರಾಜಪೇಟೆಯ ಅಕ್ಷಾಂಶ ಸುಮಾರು 12.96 ಡಿಗ್ರಿ ಉತ್ತರ, ರೇಖಾಂಶ 77.56 ಡಿಗ್ರಿ ಪೂರ್ವ. ಕಾಬಾದ ಅಕ್ಷಾಂಶ 21.42 ಉತ್ತರ, ರೇಖಾಂಶ 39.83 ಪೂರ್ವ. ಫೋನಿನ ನಕಾಶೆಯಲ್ಲಿ ಬೆರಳೊತ್ತಿ ಹಿಡಿದರೆ ಈ ಅಂಕಿಗಳು ಸಿಗುತ್ತವೆ. ಎರಡು ರೇಖಾಂಶಗಳ ವ್ಯತ್ಯಾಸ ಹತ್ತಿರಹತ್ತಿರ 37.73 ಡಿಗ್ರಿ.

ಭೂಮಿ ಗುಂಡಗಿರುವುದರಿಂದ ಕಾಗದದ ಮೇಲೆ ಗೆರೆ ಎಳೆದರೆ ಸಾಲದು. ಗೋಳದ ಮೇಲಿನ ತ್ರಿಭುಜಕ್ಕೆ ಒಂದು ಸೂತ್ರವಿದೆ. ನಮ್ಮ ಅಕ್ಷಾಂಶವನ್ನು 'ಬೆ', ಮಕ್ಕಾದ ಅಕ್ಷಾಂಶವನ್ನು 'ಮ', ರೇಖಾಂಶದ ವ್ಯತ್ಯಾಸವನ್ನು 'ವ್ಯ', ಉತ್ತರದಿಂದ ಪಶ್ಚಿಮಕ್ಕೆ ತಿರುಗಬೇಕಾದ ಕೋನವನ್ನು 'ಕ' ಎನ್ನೋಣ.

ಟ್ಯಾನ್ ಕ = ಸೈನ್ ವ್ಯ ÷ (ಕಾಸ್ ಬೆ × ಟ್ಯಾನ್ ಮ − ಸೈನ್ ಬೆ × ಕಾಸ್ ವ್ಯ)

ಇದನ್ನು ಸಾಧಿಸುವುದು ನಿಮ್ಮ ಪಠ್ಯದ ಆಚೆಗಿದೆ, ಆದರೆ ಬೆಲೆಗಳನ್ನು ತುಂಬುವುದು ನಿಮ್ಮ ಕೈಲಾಗುತ್ತದೆ. ಮೇಲಿನದು 0.612. ಕೆಳಗಿನದು 0.3823 − 0.1774, ಅಂದರೆ 0.2049. ಭಾಗಿಸಿದರೆ 2.987. ಯಾವ ಕೋನದ ಟ್ಯಾನ್ 2.987? 71.5 ಡಿಗ್ರಿ. ಉತ್ತರಕ್ಕೆ ಮುಖ ಮಾಡಿ ಪಶ್ಚಿಮದ ಕಡೆಗೆ 71.5 ಡಿಗ್ರಿ ತಿರುಗಬೇಕು. ಬೇರೆ ಮಾತಿನಲ್ಲಿ, ನೇರ ಪಶ್ಚಿಮದಿಂದ 18.5 ಡಿಗ್ರಿ ಉತ್ತರಕ್ಕೆ. ಒಂದು ಗುಂಪು ಇದನ್ನೇ ಸ್ಪ್ರೆಡ್‌ಶೀಟಿನಲ್ಲಿ ಹಾಕಿತು. ಊರಿನ ಅಂಕಿ ಬದಲಿಸಿದರೆ ಸಾಕು, ಅವರವರ ಅಜ್ಜಿಯ ಊರಿಗೂ ಉತ್ತರ ಬರತೊಡಗಿತು.

ಎರಡನೆಯ ದಾರಿ: ನೆರಳು

71.5 ಡಿಗ್ರಿ ಸರಿ, ಆದರೆ ಉತ್ತರ ಎಲ್ಲಿದೆ? ಅದನ್ನು ಫೋನನ್ನೇ ಕೇಳಿದರೆ ಪರೀಕ್ಷೆ ಪರೀಕ್ಷೆಯಾಗುವುದಿಲ್ಲ. ಜುಲೈ ಮೊದಲ ವಾರ ಮೋಡ ಬಿಟ್ಟ ಒಂದು ದಿನ ಕಾಲೇಜಿನ ತಾರಸಿಗೆ ಹೋದೆವು. ಕೋಲು ನೆಟ್ಟು ಅದರ ಸುತ್ತ ಒಂದು ವೃತ್ತ ಎಳೆದೆವು. ಬೆಳಿಗ್ಗೆ 10 ಗಂಟೆಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿ ಒಳಗೆ ಬಂತು. ಮಧ್ಯಾಹ್ನ 2:48ಕ್ಕೆ ಮತ್ತೆ ವೃತ್ತವನ್ನು ಮುಟ್ಟಿ ಹೊರಗೆ ಹೋಯಿತು. ಆ ಎರಡು ಗುರುತುಗಳನ್ನು ಸೇರಿಸಿದರೆ ಪೂರ್ವ-ಪಶ್ಚಿಮ ಗೆರೆ; ಅದಕ್ಕೆ ಲಂಬವಾಗಿ ಉತ್ತರ-ದಕ್ಷಿಣ.

ಇದು ನಮ್ಮ ದೇಶದ ಬಹಳ ಹಳೆಯ ವಿಧಾನ. ಶುಲ್ಬಸೂತ್ರಗಳ ಕಾಲದಿಂದ ಗೊತ್ತಿತ್ತು. ಅರಬ್ಬಿಯಲ್ಲಿ ಬರೆದ ಖಗೋಳಜ್ಞರು ಇದನ್ನು 'ಅದ್ದಾಇರಾ ಅಲ್ ಹಿಂದಿಯಾ', ಅಂದರೆ 'ಹಿಂದೂಸ್ತಾನದ ವೃತ್ತ' ಎಂದೇ ಕರೆದರು. ಕಿಬ್ಲಾ ಹುಡುಕಲು ಮೊದಲು ಬೇಕಾದ ಉತ್ತರ-ದಕ್ಷಿಣ ಗೆರೆಯನ್ನು ಅವರು ಇದರಿಂದ ಪಡೆದರು. ಸಂಸ್ಕೃತ ಕಲಿತು ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದ ಅಲ್ ಬಿರೂನಿ, ಊರುಗಳ ಅಕ್ಷಾಂಶ-ರೇಖಾಂಶ ಗೊತ್ತುಮಾಡುವ ಬಗ್ಗೆ 1025ರ ಸುಮಾರಿಗೆ ಇನ್ನೊಂದು ಗ್ರಂಥವನ್ನೇ ಬರೆದ. ಘಜ್ನಿಯ ಕಿಬ್ಲಾ ಕಂಡುಹಿಡಿಯುವುದು ಅದರ ಗುರಿಗಳಲ್ಲಿ ಒಂದು.

ತಾರಸಿಯಲ್ಲಿ ಒಬ್ಬ ಹುಡುಗ ಇನ್ನೊಂದನ್ನು ಗಮನಿಸಿದ. "10 ಮತ್ತು 2:48ರ ನಡುವಿನ ಹೊತ್ತು 12:24 ಆಗುತ್ತೆ. ನಡುಮಧ್ಯಾಹ್ನ 12ಕ್ಕೆ ತಾನೇ?" ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 77.56ರಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಸೂರ್ಯ ನಮ್ಮ ನೆತ್ತಿಗೆ ಸುಮಾರು 20 ನಿಮಿಷ ತಡವಾಗಿ ಬರುತ್ತಾನೆ. ಉಳಿದ ನಾಲ್ಕು ನಿಮಿಷ ಭೂಮಿಯ ಪಥ ಮತ್ತು ಓರೆಯಿಂದ ಬರುವಂಥದ್ದು, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಮಸೀದಿಯ ವೇಳಾಪಟ್ಟಿಯಲ್ಲಿ ಜುಹರ್ ಹೊತ್ತು ಏಕೆ ಹಿಂದೆಮುಂದೆ ಸರಿಯುತ್ತದೆ ಎಂಬುದು ಅಂದು ಅವರಿಗೆ ಪಾಠವಿಲ್ಲದೆ ತಿಳಿಯಿತು.

ಇನ್ನೂ ನೇರವಾದ ದಾರಿಯೊಂದಿದೆ. ಸೂರ್ಯ ವರ್ಷಕ್ಕೆ ಎರಡು ಸಲ ಕಾಬಾದ ನೆತ್ತಿಯ ಮೇಲೆ ಬರುತ್ತಾನೆ: ಮೇ 28ರ ಸುಮಾರಿಗೆ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 2:48ಕ್ಕೆ, ಜುಲೈ 16ರ ಸುಮಾರಿಗೆ 2:57ಕ್ಕೆ. ಆ ಗಳಿಗೆಯಲ್ಲಿ ಸೂರ್ಯನ ಕಡೆಗೆ ತಿರುಗಿದರೆ ಕಾಬಾದ ಕಡೆಗೆ ತಿರುಗಿದಂತೆಯೇ. ಅಂದರೆ ನೆರಳಿನ ತುದಿಯಿಂದ ಕೋಲಿನ ಬುಡದ ಕಡೆಗೆ ಕಿಬ್ಲಾ.

ಜುಲೈ 16. ಬೆಂಗಳೂರಿನ ಆಷಾಢದ ಆಕಾಶ ನಿಮಗೆ ಗೊತ್ತು. ಎರಡೂವರೆಗೆ ಮೋಡ. ಎರಡೂಮುಕ್ಕಾಲಿಗೆ ನಾಲ್ಕು ಹನಿ. 2:57ಕ್ಕೆ ಎಲ್ಲರೂ ಮೇಲೆ ನೋಡುತ್ತಿದ್ದೇವೆ, ಬಿಸಿಲಿಲ್ಲ. ಆ ಹುಡುಗಿಯ ಮುಖ ಸಣ್ಣಗಾಗಿತ್ತು. 3:01ಕ್ಕೆ ಮೋಡದ ಸಂದಿಯಿಂದ ಬಿಸಿಲು ಬಿತ್ತು. ಒಬ್ಬ ಗೆರೆ ಎಳೆದ, ಇನ್ನೊಬ್ಬಳು ಉದ್ದ ಅಳೆದಳು, ಮತ್ತೆ ಮೋಡ ಮುಚ್ಚಿತು.

ನಾಲ್ಕು ನಿಮಿಷದ ತಡ ದಿಕ್ಕನ್ನು ಕೆಡಿಸಲಿಲ್ಲ. ಆ ಹೊತ್ತಿನಲ್ಲಿ ಬೆಂಗಳೂರಿನಿಂದ ನೋಡಿದರೆ ಸೂರ್ಯನ ದಿಕ್ಕು ಬಹಳ ನಿಧಾನ ಬದಲಾಗುತ್ತದೆ. ಹತ್ತು ನಿಮಿಷಕ್ಕೆ ಅರ್ಧ ಡಿಗ್ರಿಯೂ ಇಲ್ಲ. ನಮ್ಮ ಗೆರೆ ಹಿಂದಿನ ವಾರದ ಉತ್ತರ ಗೆರೆಯೊಂದಿಗೆ 72 ಡಿಗ್ರಿ ಮಾಡಿತು. ಲೆಕ್ಕ ಹೇಳಿದ್ದು 71.5.

ಆದರೆ ನೆರಳಿನ ಉದ್ದ ಬೇರೆ ಕಥೆ ಹೇಳಿತು. ಒಂದು ಮೀಟರ್ ಕೋಲಿಗೆ 78 ಸೆಂಟಿಮೀಟರ್ ನೆರಳು. ಸೂರ್ಯ ಕಾಬಾದ ನೆತ್ತಿಯಲ್ಲಿದ್ದಾಗ ನಮ್ಮ ನೆತ್ತಿಯಿಂದ ಎಷ್ಟು ಡಿಗ್ರಿ ಜಾರಿರುತ್ತಾನೋ, ಭೂಮಿಯ ಮೇಲೆ ನಾವು ಕಾಬಾದಿಂದ ಅಷ್ಟೇ ಡಿಗ್ರಿ ದೂರ. ಒಂದು ಡಿಗ್ರಿ ಎಂದರೆ ಸುಮಾರು 111 ಕಿಲೋಮೀಟರ್. ಟ್ಯಾನ್ 0.78 ಆಗುವ ಕೋನ 38 ಡಿಗ್ರಿ, ದೂರ ಸುಮಾರು 4,200 ಕಿಲೋಮೀಟರ್. ನಕಾಶೆ 4,100 ಎನ್ನುತ್ತದೆ. "ನೂರು ಕಿಲೋಮೀಟರ್ ತಪ್ಪಾಯಿತು ಮೇಡಂ" ಎಂದು ಬೇಜಾರಾದರು. "ಎಷ್ಟು ನಿಮಿಷ ತಡವಾಗಿ ಅಳೆದಿರಿ?" ಎಂದೆ. ನಾಲ್ಕು. ಭೂಮಿ ಒಂದು ಡಿಗ್ರಿ ತಿರುಗಲು ಬೇಕಾದ ಹೊತ್ತು ಎಷ್ಟು? ಅದೂ ನಾಲ್ಕೇ ನಿಮಿಷ. ತಪ್ಪು ಎಲ್ಲಿಂದ ಬಂತೆಂದು ಅವರೇ ಹಿಡಿದರು. ಸರಿಯಾಗಿ 2:57ಕ್ಕೆ ಅಳೆದಿದ್ದರೆ ನೆರಳು 75 ಸೆಂಟಿಮೀಟರ್ ಇರುತ್ತಿತ್ತು. ಅದು 3-4-5ರ ತ್ರಿಭುಜವೆಂದು ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದಾಗ ನನಗೇ ಮೈ ಜುಂ ಎಂದಿತು. ಇಷ್ಟು ವರ್ಷ ನೆರಳು ನೋಡಿದ ನಾನು ಅದನ್ನು ಗಮನಿಸಿರಲಿಲ್ಲ.

ಮೂರನೆಯ ದಾರಿ: ಫೋನು

ಈಗ ಫೋನಿನ ಸರದಿ. ಅದೇ ಗೆರೆಯ ಮೇಲೆ ಹಲವು ಫೋನು ಇಟ್ಟೆವು. ಒಂದೊಂದು ಒಂದೊಂದು ಕಡೆ ತೋರಿಸಿತು. ಜಿಪಿಎಸ್ ಹೇಳುವುದು ನಾವು ಎಲ್ಲಿದ್ದೇವೆ ಎಂಬುದನ್ನು ಮಾತ್ರ. ಯಾವ ಕಡೆಗೆ ತಿರುಗಿದ್ದೇವೆ ಎಂದು ಹೇಳುವುದು ಒಳಗಿರುವ ಕಾಂತೀಯ ಸೆನ್ಸರ್. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿರುವ 'ಫೈಫಾಕ್ಸ್' ಎಂಬ ಉಚಿತ ಆಪ್ ಆ ಸೆನ್ಸರ್ ಏನು ಅಳೆಯುತ್ತಿದೆ ಎಂದು ಅಂಕಿಯಲ್ಲೇ ತೋರಿಸುತ್ತದೆ. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲಾ. ಆಯಸ್ಕಾಂತದ ಬಟನ್ ಇರುವ ಫೋನ್ ಕವರ್ ಹಾಕಿದೊಡನೆ ಅದು ನೂರು ದಾಟಿತು. ಕವರ್ ತೆಗೆದು, ಕಬ್ಬಿಣದ ಸರಳುಗಳಿಂದ ದೂರ ಬಂದು, ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ತಿರುಗಿಸಿದ ಮೇಲೆ ಹೆಚ್ಚಿನ ಫೋನುಗಳು ನಮ್ಮ ಗೆರೆಗೆ ಹತ್ತಿರ ಬಂದವು.

"ದಾದಾರ ಕೋಣೆಯಲ್ಲಿ ಬೀರು ಇದೆ ಮೇಡಂ, ಕಬ್ಬಿಣದ್ದು. ಅಣ್ಣ ಅದರ ಪಕ್ಕದಲ್ಲೇ ನಿಂತು ನೋಡಿದ್ದು" ಎಂದಳು ಅವಳು, ಮೆಲ್ಲಗೆ.

ಒಂದೆರಡು ದಿನ ಆಚೀಚೆಯಾದರೂ ವ್ಯತ್ಯಾಸ ಒಂದು ಡಿಗ್ರಿಯೊಳಗೇ ಇರುತ್ತದೆ. ಅದರಿಂದ 18ನೇ ತಾರೀಕು ಮನೆಯ ತಾರಸಿಯಲ್ಲಿ ಅವಳೇ ಮಾಡಿದಳು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಆ ದಾರದ ನೆರಳು ಗೋಡೆಯೊಂದಿಗೆ ಮಾಡಿದ ಕೋನವನ್ನು ಅಳೆದು, ಕೆಳಗಿನ ಕೋಣೆಯಲ್ಲಿ ಅದೇ ಗೋಡೆಯಿಂದ ಅಷ್ಟೇ ಕೋನಕ್ಕೆ ಗೆರೆ ಎಳೆದಳು. ದಾದಾರ ಜಾನಮಾಜ್ ಆ ಗೆರೆಯಿಂದ ನಾಲ್ಕೈದು ಡಿಗ್ರಿಯಷ್ಟೇ ಸರಿದಿತ್ತು. ಅಣ್ಣನ ಫೋನು ಬೀರುವಿನ ಪಕ್ಕದಲ್ಲಿ ತೋರಿಸಿದ್ದು ಅದರ ಐದು ಪಟ್ಟು ಆಚೆಗೆ. ದಾರ ಹಿಡಿದುಕೊಂಡಿದ್ದವನು ಅಣ್ಣನೇ. ಹಿಡಿ ಎಂದು ಕರೆದವರು ದಾದಾ.

ಎಷ್ಟು ಡಿಗ್ರಿಯ ವ್ಯತ್ಯಾಸ ನಮಾಜಿಗೆ ಅಡ್ಡಿ, ಎಷ್ಟು ಅಡ್ಡಿಯಲ್ಲ ಎಂಬುದು ಉಲಮಾಗಳು ಹೇಳಬೇಕಾದ ಮಾತು. ಅವರ ಮನೆಯವರು ಇಮಾಮ್ ಸಾಹೇಬರನ್ನು ಕೇಳಿ ಸಮಾಧಾನಪಟ್ಟರು. ಡಿಗ್ರಿ ಎಷ್ಟು ಎಂದು ಹೇಳುವುದಷ್ಟೇ ಗಣಿತದ ಕೆಲಸ.

ನಮ್ಮ ಪಕ್ಕದಲ್ಲೇ ಇನ್ನೊಂದು ನೆರಳು

ನಾವಿರುವಲ್ಲಿಂದ ನಡೆದು ಹೋಗುವಷ್ಟು ದೂರದ ಗವಿಪುರದಲ್ಲಿ ಗವಿ ಗಂಗಾಧರೇಶ್ವರ ದೇವಾಲಯವಿದೆ. ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಒಳಗಿನ ಲಿಂಗದ ಮೇಲೆ ಬೀಳುವುದನ್ನು ನೋಡಲು ಜನ ಸೇರುತ್ತಾರೆ. ಜವಾಹರಲಾಲ್ ನೆಹರು ತಾರಾಲಯದ ಬಿ.ಎಸ್. ಶೈಲಜಾ ಮತ್ತು ಜೊತೆಗಾರರು ಇದರ ಲೆಕ್ಕ ಮಾಡಿ 2008ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. 18ನೇ ಶತಮಾನದ ಕೊನೆಯಲ್ಲಿ ಡೇನಿಯೆಲ್ ಚಿತ್ರಕಾರರು ಬರೆದ ಈ ದೇವಾಲಯದ ಚಿತ್ರಗಳನ್ನು ಇಂದಿನ ಕಟ್ಟಡದ ಜೊತೆ ಹೋಲಿಸಿ, ಯಾವುದು ಬದಲಾಗಿದೆ ಎಂದು ತೋರಿಸಿದರು. ಬಿಸಿಲು ಹಾಗೆ ಬೀಳುವುದು ಜನವರಿಯಲ್ಲಿ ಮಾತ್ರವಲ್ಲ, ನವೆಂಬರ್ ಕೊನೆಯ ಸುಮಾರಿಗೂ.

ನಮ್ಮ ವಿದ್ಯಾರ್ಥಿಗಳು 'ಸ್ಟೆಲೇರಿಯಂ' ಎಂಬ ಉಚಿತ ತಂತ್ರಾಂಶದಲ್ಲಿ ತಾರೀಕುಗಳನ್ನು ಹಾಕಿ ನೋಡಿದರು. ಜನವರಿ 14ರಂದು ಸೂರ್ಯ ಭೂಮಧ್ಯರೇಖೆಯಿಂದ ಎಷ್ಟು ದಕ್ಷಿಣಕ್ಕಿರುತ್ತಾನೋ, ಮೇ 28 ಮತ್ತು ಜುಲೈ 16ರಂದು ಹೆಚ್ಚುಕಡಿಮೆ ಅಷ್ಟೇ ಉತ್ತರಕ್ಕಿರುತ್ತಾನೆ. ಇದು ಕಾಕತಾಳೀಯ, ಬೇರೆ ಅರ್ಥ ಹುಡುಕಬೇಕಿಲ್ಲ. ಆದರೆ ಎರಡೂ ಕಡೆ ತಾರೀಕು ಜೋಡಿಯಾಗಿ ಬರುವುದಕ್ಕೆ ಕಾರಣ ಒಂದೇ: ಹೋದ ದಾರಿಯಲ್ಲೇ ಸೂರ್ಯ ಹಿಂದಿರುಗುತ್ತಾನೆ.

ನಿಮ್ಮ ಹುಚ್ಚು ಯಾವುದು?

ಈ ಪಾಠದಿಂದ ನಾನು ಕಲಿತದ್ದು ಇಷ್ಟು. ಫೋನು ಉತ್ತರ ಕೊಡುತ್ತದೆ. ಆ ಉತ್ತರ ಸರಿಯೇ ಎಂದು ಕೇಳಬೇಕೆನ್ನಿಸುವುದು ವಿಷಯದ ಮೇಲೆ ಪ್ರೀತಿ ಇದ್ದಾಗ ಮಾತ್ರ. ಹೇಗೆ ಕೇಳಬೇಕೆಂಬುದನ್ನು ಕಲಿಸುವುದು ಗಣಿತ. ಮೂರರಲ್ಲಿ ಒಂದು ಬಿಟ್ಟರೂ ಪಾಠ ಕುಂಟುತ್ತದೆ.

ನಿಮಗೆ ನೆರಳು ಬೇಡವಾಗಿರಬಹುದು, ಕ್ರಿಕೆಟ್ ಬೇಕಿರಬಹುದು. ಸ್ಲೋ ಮೋಷನ್‌ನಲ್ಲಿ ಒಂದು ಸಿಕ್ಸರ್ ಚಿತ್ರೀಕರಿಸಿ, ಚೆಂಡಿರುವ ಜಾಗಗಳನ್ನು 'ಜಿಯೋಜೀಬ್ರಾ'ದಲ್ಲಿ ಗುರುತಿಸಿ. ಪರವಲಯ ಕಣ್ಣೆದುರು ನಿಲ್ಲುತ್ತದೆಯೋ ನೋಡಿ. ನಿಲ್ಲದಿದ್ದರೆ ಇನ್ನೂ ಒಳ್ಳೆಯದು, ಏಕೆಂದು ಕೇಳಿ. ಹಾಡು ಇಷ್ಟವಿದ್ದರೆ ಫೈಫಾಕ್ಸ್‌ನಲ್ಲಿ ನಿಮ್ಮ ದನಿಯ ಆವರ್ತನ ಅಳೆಯಿರಿ. ಅದನ್ನು ತರಗತಿಗೆ ತನ್ನಿ, ನಿಮ್ಮ ಅಧ್ಯಾಪಕರು ಬೇಡ ಎನ್ನಲಾರರು.

ಮುಂದಿನ ಮೇ 28 ರಜೆಯಲ್ಲಿ ಬರುತ್ತದೆ. ಆಗ ನೀವು ಒಬ್ಬೊಬ್ಬರು ಒಂದೊಂದು ಊರಿನಲ್ಲಿರುತ್ತೀರಿ. ಮಧ್ಯಾಹ್ನ 2:48ಕ್ಕೆ ಒಂದು ಮೀಟರ್ ಕೋಲು ನೆಟ್ಟು ನೆರಳಿನ ಉದ್ದ ಬರೆದಿಡಿ, ಊರಿನ ಹೆಸರೂ ಬರೆಯಿರಿ. ಜೂನ್‌ನಲ್ಲಿ ಕಾಲೇಜು ತೆರೆದಾಗ ಎಲ್ಲರ ಅಳತೆಗಳನ್ನು ಒಂದು ನಕಾಶೆಯ ಮೇಲೆ ಹಾಕೋಣ. ಬಿಸಿಲು ಚುರುಕಾಗಿರುತ್ತದೆ, ತಲೆಗೆ ಏನಾದರೂ ಹಾಕಿಕೊಳ್ಳಿ. ಫೋನಿನ ಕವರ್ ತೆಗೆಯುವುದನ್ನು ಮರೆಯಬೇಡಿ.