ಕೇದಾರಕಂಠಕ್ಕೆ 16 ಕಿಲೋ ಯಾಕೆ?

ನಿಮ್ಮ ತೂಕ 58 ಕಿಲೋ, ಚೀಲದ್ದು 16. ಇದು ಜಾಸ್ತಿಯೇ. ಹೊರೆ ದೇಹತೂಕದ ಐದನೇ ಒಂದು ಭಾಗ ದಾಟಬಾರದು ಎಂಬುದು ಚಾರಣಿಗರ ರೂಢಿಯ ಲೆಕ್ಕ. ಟೆಂಟು, ಸ್ಲೀಪಿಂಗ್ ಬ್ಯಾಗು, ಊಟ ಎಲ್ಲ ಆಯೋಜಕರದ್ದೇ ಎಂದಿದ್ದೀರಿ. ಹಾಗಾದರೆ 8–9 ಕಿಲೋ ಧಾರಾಳ.

ನಿಮ್ಮ ಸಾಮಾನಿನ ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಎರಡು ಜೀನ್ಸ್. ಎರಡನ್ನೂ ಮನೆಯಲ್ಲೇ ಬಿಡಿ. ಹಿಮದಲ್ಲಿ ನೆನೆದ ಹತ್ತಿ ಬಟ್ಟೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನೂ ಕಸಿಯುತ್ತದೆ. ನಡೆಯಲು ಬೇಗ ಒಣಗುವ ಪ್ಯಾಂಟು, ಮಲಗಲು ಒಂದು ಜೊತೆ ಥರ್ಮಲ್ ಸಾಕು. ಆದರೆ ಬೆಚ್ಚನೆಯ ಜಾಕೆಟ್, ಕೈಗವಸು, ಒಣ ಸಾಕ್ಸ್, ಔಷಧಿಗಳಲ್ಲಿ ಜಿಪುಣತನ ಬೇಡ. ಸುಮಾರು 3,800 ಮೀಟರ್ ಎತ್ತರದ ಕೇದಾರಕಂಠ ಶಿಖರಕ್ಕೆ ಸಾಮಾನ್ಯವಾಗಿ ಹೊರಡುವುದೇ ಬೆಳಗಿನ ಜಾವದ ಕತ್ತಲಲ್ಲಿ. ಇನ್ನು ಅಮ್ಮ ಕಟ್ಟಿಕೊಡುವ ಎರಡು ಕಿಲೋ ಚಕ್ಕುಲಿ? ಕಾಲು ಕಿಲೋ ಇರಲಿ, ಮಿಕ್ಕಿದ್ದನ್ನು ಚಾರಣ ಶುರುವಾಗುವ ಸಾಂಕ್ರಿ ತಲುಪುವ ಮೊದಲೇ ಹಂಚಿ ತಿಂದುಬಿಡಿ.

ಭುಜನೋವಿಗೆ ಹೊಸ ಚೀಲ ಕೊಳ್ಳುವ ಯೋಚನೆ ಸದ್ಯಕ್ಕೆ ಬಿಡಿ. ಭಾರದ ವಸ್ತುಗಳು ನಡುಮಟ್ಟದಲ್ಲಿ, ಬೆನ್ನಿಗೆ ಅಂಟಿದಂತಿರಲಿ. ಹಗುರವಾದದ್ದು ತಳಕ್ಕೆ ಹೋಗಲಿ. ಸೊಂಟಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಮೊದಲು ಅದನ್ನು ಬಿಗಿದು, ಆಮೇಲೆ ಭುಜಪಟ್ಟಿ ಎಳೆಯಿರಿ. ಬಹಳ ಮಂದಿ ಇದನ್ನು ತಿರುವುಮುರುವು ಮಾಡಿ, ಇಡೀ ಹೊರೆಯನ್ನು ಹೆಗಲಿಗೇ ನೇತುಹಾಕಿಕೊಳ್ಳುತ್ತಾರೆ.

ಪವರ್ ಬ್ಯಾಂಕ್ ಒಂದೇ ಸಾಕು. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಳ್ಳಿ. ಹೊರಡುವ ಮೊದಲು ಒಂದು ಭಾನುವಾರ ತುಂಬಿದ ಚೀಲ ಹೊತ್ತು ಸಾವನದುರ್ಗ ಹತ್ತಿಳಿಯಿರಿ.