ತೋಟದ ಮನೆಯ ಹುಡುಗನಿಗೆ

ತಮ್ಮಾ, ನಮ್ಮ ಮನೆ ನಡೆದದ್ದೇ ಅಡಿಕೆಯಿಂದ. ನಿನ್ನ ಅಪ್ಪನ ಕಾಲೇಜು ಫೀಸು, ಅತ್ತೆಯರ ಮದುವೆ, ಮೊನ್ನೆ ನೀನು ಕೊಂಡ ಬೈಕು, ಎಲ್ಲವೂ ರಾಶಿ ಇಡಿ ಅಡಿಕೆಯ ದುಡ್ಡು. ಪೇಟೆಯ ಡಾಕ್ಟರು ಅಡಿಕೆ ಕೆಟ್ಟದ್ದು ಅಂದರೆ ‘ಬೆಳೆಗಾರರ ಹೊಟ್ಟೆ ಮೇಲೆ ಹೊಡೆಯೋಕೆ ಬಂದ’ ಎಂದು ನಾವೆಲ್ಲ ಮುಖ ತಿರುಗಿಸುತ್ತೇವೆ. ಅದಕ್ಕೇ, ಇವತ್ತಿಗೂ ಅಡಿಕೆಯನ್ನೇ ನಂಬಿ ಬದುಕುತ್ತಿರುವ ನಿನ್ನ ದೊಡ್ಡಪ್ಪ ಹೇಳುತ್ತಿದ್ದೇನೆ, ಕೇಳು. ಬರಿ ಅಡಿಕೆಯಿಂದಲೂ ಬಾಯಿ ಕ್ಯಾನ್ಸರ್ ಬರುತ್ತದೆ. ‘ನಾನು ತಂಬಾಕು ಹಾಕಲ್ಲ, ಬರೀ ಪಾನ್ ಮಸಾಲ’ ಅನ್ನುವ ನಿನ್ನ ಸಮಾಧಾನಕ್ಕೆ ಬುಡವಿಲ್ಲ.

ಇದು ನನ್ನ ಊಹೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಫ್ರಾನ್ಸಿನ ಲಿಯೋನ್ ನಗರದಲ್ಲಿದೆ. ತಂಬಾಕು ಹಾಕಿದ ಕವಳ, ಅಂದರೆ ಎಲೆ-ಅಡಿಕೆ, ಕ್ಯಾನ್ಸರ್ ತರುತ್ತದೆ ಎಂದು ಅವರು 1985ರಲ್ಲೇ ಹೇಳಿದ್ದರು; ತಂಬಾಕಿಲ್ಲದ ಕವಳದ ಬಗ್ಗೆ ಆಗ ಪುರಾವೆ ಸಾಲದು ಅಂದಿದ್ದರು. 2003ರಲ್ಲಿ ಮತ್ತೆ ಕೂತು ನೋಡಿದಾಗ ತಂಬಾಕಿಲ್ಲದ ಕವಳವನ್ನೂ ಬರಿ ಅಡಿಕೆಯನ್ನೂ ಒಂದನೇ ಗುಂಪಿಗೆ ಸೇರಿಸಿದರು. ಇದಕ್ಕೆ ಮುಖ್ಯ ಸಾಕ್ಷಿ ಸಿಕ್ಕಿದ್ದು ತೈವಾನಿನಲ್ಲಿ. ಅಲ್ಲಿಯವರು ಅಡಿಕೆ ಜಗಿಯುತ್ತಾರೆ, ಆದರೆ ಅದಕ್ಕೆ ತಂಬಾಕು ಸೇರಿಸುವ ರೂಢಿ ಇಲ್ಲ. ಹಾಗಿದ್ದೂ ಬಾಯಿ ಕ್ಯಾನ್ಸರ್ ಅಲ್ಲಿ ವಿಪರೀತ. ಒಂದನೇ ಗುಂಪು ಎಂದರೆ ಪುರಾವೆ ಗಟ್ಟಿಯಾಗಿದೆ ಎಂದು ಅರ್ಥ, ತಿಂದವರಿಗೆಲ್ಲ ಬಂದೇ ಬರುತ್ತದೆ ಎಂದಲ್ಲ. ನಮ್ಮ ಸಂಘಗಳ ಸಭೆಯಲ್ಲಿ ಈ ಎರಡನ್ನೂ ಕಲಸಿ ಗಲಾಟೆ ಮಾಡುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ.

ನೀನೀಗ ಅಜ್ಜನ ಹೆಸರು ಎತ್ತುತ್ತೀಯೆ. ಅಜ್ಜ ದಿನವಿಡೀ ಕವಳ ಹಾಕಿಯೂ ತೊಂಬತ್ತರ ಹತ್ತಿರ ಬಂದಿದ್ದ, ಹೌದು. ಕವಳ ಹಾಕಿ ಐವತ್ತಕ್ಕೇ ಹೋದವರು ನಮ್ಮ ಜಗುಲಿಗೆ ಬಂದು ಕತೆ ಹೇಳುವುದಿಲ್ಲವಲ್ಲ. ಅದೂ ಅಲ್ಲದೆ ಅಜ್ಜನ ಕವಳವೇ ಬೇರೆ. ಅಡಕತ್ತರಿಯಲ್ಲಿ ಹೋಳು ಮಾಡಿ, ಎಲೆಯ ನಾರು ತೆಗೆದು, ಸುಣ್ಣ ಹಚ್ಚಿ, ಮಡಚಿ ಬಾಯಿಗಿಡುವ ಹೊತ್ತಿಗೆ ಅರ್ಧ ಸುದ್ದಿ ಮುಗಿದಿರುತ್ತಿತ್ತು. ನಿನ್ನ ಪೊಟ್ಟಣಕ್ಕೆ ಆ ತಾಪತ್ರಯ ಇಲ್ಲ. ಒಣಗಿದ ಪುಡಿ, ಹರಿದು ಸುರಿದರೆ ಆಯಿತು. ಬೈಕಿನ ಮೇಲೂ ಸೈ, ಕ್ಲಾಸಿನಲ್ಲೂ ಸೈ, ದಿನಕ್ಕೆ ಎಷ್ಟಾಯಿತು ಎಂಬ ಲೆಕ್ಕವೇ ಸಿಗುವುದಿಲ್ಲ. ಕವಳ ಹಾಕುವವರಿಗಿಂತ ಪೊಟ್ಟಣ ತಿನ್ನುವವರಿಗೆ ಬಾಯಿ ಬೇಗ ಬಿಗಿಯುತ್ತದೆ ಎಂಬುದನ್ನು ದಂತವೈದ್ಯರು ಎಷ್ಟೋ ವರ್ಷಗಳಿಂದ ನೋಡುತ್ತಿದ್ದಾರೆ.

ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಏನಾಯಿತೆಂದು ಗೂಡಂಗಡಿಯಲ್ಲಿ ನೀನೇ ನೋಡಿದ್ದೀಯೆ. ಪಾನ್ ಮಸಾಲದ ಮಾಲೆ ಒಂದು, ಪಕ್ಕದಲ್ಲೇ ತಂಬಾಕಿನ ಮಾಲೆ ಇನ್ನೊಂದು. ಎರಡನ್ನೂ ಹರಿದು ಅಂಗೈಯಲ್ಲಿ ಕಲಸಿಕೊಂಡರೆ ಅದೇ ಗುಟ್ಕಾ.

ಕೆನ್ನೆಯೊಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿದ್ದರೆ ಒಳ್ಳೆಯದು. ಬಾಯಿಯ ಒಳಪದರದ ಜೀವಕೋಶಗಳು ಎರಡು ವಾರಕ್ಕೊಮ್ಮೆ ಹೆಚ್ಚುಕಡಿಮೆ ಪೂರ್ತಿ ಹೊಸದಾಗುತ್ತವೆ. ಮೇಲಿನವು ಉದುರುತ್ತವೆ, ಅಡಿಯಲ್ಲಿರುವವು ಇಬ್ಭಾಗವಾಗಿ ಆ ಜಾಗ ತುಂಬುತ್ತವೆ. ಪ್ರತಿ ಸಲವೂ ಕೋಶ ತನ್ನ ಡಿಎನ್‌ಎಯನ್ನು ಮೊದಲಿಂದ ಕೊನೆಯವರೆಗೆ ನಕಲು ಮಾಡಬೇಕು. ಅಷ್ಟು ಬರೆಯುವಾಗ ತಪ್ಪು ಬರುವುದು ಸಹಜ. ತಪ್ಪನ್ನು ತಿದ್ದುವ ಏರ್ಪಾಡೂ ಕೋಶದಲ್ಲೇ ಇದೆ. ಪಿ53 ಎಂಬ ಜೀನ್, ಡಿಎನ್‌ಎ ಕೆಟ್ಟಿದ್ದರೆ ವಿಭಜನೆಯನ್ನು ನಿಲ್ಲಿಸುತ್ತದೆ. ರಿಪೇರಿ ಆಗದಂತಿದ್ದರೆ ಆ ಕೋಶವೇ ಸಾಯುವಂತೆ ಮಾಡುತ್ತದೆ. ಅಡಿಕೆಯಲ್ಲಿರುವ ಅರೆಕೊಲಿನ್ ಜೊಲ್ಲಿನೊಂದಿಗೆ ಸೇರಿ ನೈಟ್ರೊಸಮೀನ್ ಎಂಬ ವಿಷವಾಗುತ್ತದೆ, ಅದು ಡಿಎನ್‌ಎಯನ್ನು ಕೆಡಿಸುತ್ತದೆ. ತಂಬಾಕಿನಲ್ಲಿ ಅದೇ ಜಾತಿಯ ವಿಷ ಮೊದಲೇ ತಯಾರಾಗಿ ಇರುತ್ತದೆ. ದಿನಾ ಅದೇ ಕೆನ್ನೆಯ ಅದೇ ಸಂದಿಯಲ್ಲಿ ಪುಡಿ ಕೂರುತ್ತದೆ. ಹೀಗೆ ವರ್ಷಗಟ್ಟಲೆ ನಡೆದ ಮೇಲೆ ಎಲ್ಲೋ ಒಂದು ಕೋಶದಲ್ಲಿ ಆ ಪಿ53 ಜೀನೇ ಕೆಟ್ಟುಹೋಗುತ್ತದೆ. ಆ ಕೋಶಕ್ಕೆ ನಿಲ್ಲು ಅನ್ನುವವರಿಲ್ಲ. ಅದರ ಸಂತತಿ ಬೆಳೆದು ಗಂಟಾಗುತ್ತದೆ, ಅಡಿಯ ಪದರಕ್ಕೆ ಇಳಿಯುತ್ತದೆ, ಕುತ್ತಿಗೆಯ ದುಗ್ಧರಸ ಗ್ರಂಥಿಗಳಿಗೆ ಹೋಗಿ ಕೂರುತ್ತದೆ. ಕ್ಯಾನ್ಸರ್ ಅಂದರೆ ಇದೇ. ಅದು ಯಾರ ಶಾಪವೂ ಅಲ್ಲ, ಒಬ್ಬರಿಂದ ಇನ್ನೊಬ್ಬರಿಗೆ ಅಂಟುವುದೂ ಇಲ್ಲ.

ಕ್ಯಾನ್ಸರ್‌ಗೂ ಮುಂಚೆ ಬರುವ ಕಾಯಿಲೆ ಒಂದಿದೆ. ನಿನ್ನ ವಯಸ್ಸಿನವರಿಗೆ ನಾನು ಹೆದರುವುದು ಅದಕ್ಕೇ. ಹೋದ ಬೇಸಿಗೆಯಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯಲ್ಲಿ ಇಪ್ಪತ್ತೈದು ದಾಟದ ಹುಡುಗ. ಅಪ್ಪೆಹುಳಿ ಒಂದು ಗುಟುಕು ಕುಡಿದವನೇ ಕಣ್ಣಲ್ಲಿ ನೀರು ತುಂಬಿಕೊಂಡು ಲೋಟ ಬದಿಗಿಟ್ಟ. ಹೋಳಿಗೆ ಬಡಿಸಿದಾಗ ಅದನ್ನು ಉದ್ದುದ್ದ ಎಳೆಯಾಗಿ ಹರಿದು, ಹಲ್ಲಿನ ಸಂದಿಯಿಂದ ಬೆರಳಲ್ಲಿ ಒಳಗೆ ತಳ್ಳಿಕೊಳ್ಳುತ್ತಿದ್ದ. ಬಾಯಿ ಒಂದು ಬೆರಳಿನಷ್ಟು ತೆರೆಯುತ್ತಿತ್ತು, ಅಷ್ಟೇ. ಅವನ ಅಮ್ಮ ‘ಹಲ್ಲುನೋವು’ ಎಂದು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಳು.

ಅಡಿಕೆ ಬೇಯಿಸಿ ಉಳಿದ ಚೊಗರು ಕೈಗೆ ತಾಗಿದರೆ ಚರ್ಮ ಹೇಗೆ ಬಿರುಸಾಗುತ್ತದೆ ಎಂದು ನಿನಗೆ ಗೊತ್ತು. ತೊಗಲು ಹದ ಮಾಡುವುದೂ ಇಂಥದೇ ಒಗರಿನಿಂದ. ಅಡಿಕೆಯ ಒಗರು ಕೆನ್ನೆಯೊಳಗಿನ ನಾರನ್ನು ಹಾಗೆಯೇ ಗಟ್ಟಿ ಮಾಡುತ್ತದೆ. ಅರೆಕೊಲಿನ್ ಹೊಸ ನಾರು ಹೆಚ್ಚಾಗುವಂತೆ ಮಾಡುತ್ತದೆ, ಒಗರು ಹಳೆಯ ನಾರು ಕರಗದಂತೆ ತಡೆಯುತ್ತದೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಕೆನ್ನೆಯ ಒಳಮೈ ಬಿಳಿಚಿಕೊಳ್ಳುತ್ತದೆ. ಬರಬರುತ್ತ ಬಾಯಿ ಬಿಗಿಯುತ್ತದೆ, ಸೀಟಿ ಹೊಡೆಯಲು ಬರುವುದಿಲ್ಲ, ನಾಲಿಗೆ ಹೊರಚಾಚಲು ಆಗುವುದಿಲ್ಲ. ಚಟ ಬಿಟ್ಟರೆ, ಔಷಧ ಮತ್ತು ಬಾಯಿಯ ವ್ಯಾಯಾಮ ಮಾಡಿದರೆ ಅಲ್ಲಿಗೇ ನಿಲ್ಲಿಸಬಹುದು. ಪೂರ್ತಿ ಮೊದಲಿನಂತಾಗುವುದು ಕಷ್ಟ. ಇವರಲ್ಲಿ ನೂರಕ್ಕೆ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ.

ಈಗಲೇ ಎದ್ದು ಕನ್ನಡಿ ಮುಂದೆ ನಿಲ್ಲು. ತೋರು, ನಡು, ಉಂಗುರ ಮೂರು ಬೆರಳು ಸೇರಿಸಿ ನೆಟ್ಟಗೆ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಡು. ಮೂರೂ ಹೋಗಬೇಕು. ಮೊಬೈಲಿನ ಟಾರ್ಚ್ ಹಾಕಿ ಎರಡೂ ಕೆನ್ನೆಯ ಒಳಗೆ, ನಾಲಿಗೆಯ ಅಂಚು, ನಾಲಿಗೆಯ ಅಡಿ, ತುಟಿಯ ಒಳಬದಿ ನೋಡು. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಕೆಟ್ಟದ್ದಾದ ಕೆಂಪು ಮಚ್ಚೆ, ಮೂರು ವಾರ ಕಳೆದರೂ ಮಾಯದ ಹುಣ್ಣು, ಕಾರಣವಿಲ್ಲದೆ ಅಲುಗುವ ಹಲ್ಲು, ಕುತ್ತಿಗೆಯಲ್ಲಿ ಗಂಟು, ಇವುಗಳಲ್ಲಿ ಯಾವುದು ಕಂಡರೂ ದಂತವೈದ್ಯರ ಹತ್ತಿರ ಹೋಗು. ನೋವಿಲ್ಲವೆಂದು ಸುಮ್ಮನಿರಬೇಡ, ಮೊದಲ ಹಂತದಲ್ಲಿ ಹೆಚ್ಚಾಗಿ ನೋವೇ ಇರುವುದಿಲ್ಲ.

ಕಣ್ಣಲ್ಲಿ ನೋಡಿದರೆ ಏನಾದೀತು ಅಂದುಕೊಳ್ಳಬೇಡ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ಒಂದು ಪ್ರಯೋಗ ನಡೆಯಿತು. ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ತೆರೆಸಿ ನೋಡಿದರು. ತಂಬಾಕು ಅಥವಾ ಹೆಂಡದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರ್‌ನ ಸಾವು ಶೇ 34ರಷ್ಟು ಇಳಿಯಿತು ಎಂದು 2005ರಲ್ಲಿ ವರದಿಯಾಯಿತು. ಬೆಳಕು ಬಿಟ್ಟು ನೋಡಿದ್ದು ಬಿಟ್ಟರೆ ಅಲ್ಲಿ ದೊಡ್ಡ ಯಂತ್ರ ಯಾವುದೂ ಇರಲಿಲ್ಲ.

ಅನುಮಾನ ಬಂದರೆ ಡಾಕ್ಟರು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ‘ಚುಚ್ಚಿದರೆ ಹರಡುತ್ತದೆ’ ಎಂದು ಊರಿನವರು ಹೆದರಿಸುತ್ತಾರೆ. ಬಾಯಿಯ ಬಯಾಪ್ಸಿಯಿಂದ ರೋಗ ಹರಡುವುದಿಲ್ಲ. ಹರಡುವುದು ನಾಟಿ ಔಷಧ ಹಚ್ಚಿಕೊಂಡು ಕಳೆಯುವ ಆರು ತಿಂಗಳಲ್ಲಿ. ಈ ವಿಷಯದಲ್ಲಿ ನನಗೆ ದಾಕ್ಷಿಣ್ಯವಿಲ್ಲ: ಬಾಯಿಯಲ್ಲಿ ಗಡ್ಡೆ ಇಟ್ಟುಕೊಂಡು ಬಂದವನಿಗೆ ಬೇರು ಅರೆದು ಕೊಡುವವನು ಉಪಕಾರ ಮಾಡುತ್ತಿಲ್ಲ.

ಗಡ್ಡೆ ಚಿಕ್ಕದಿರುವಾಗ ಸಿಕ್ಕರೆ ಆಪರೇಷನ್ ಒಂದರಲ್ಲೇ ಬಹುಪಾಲು ಮಂದಿ ಗುಣವಾಗುತ್ತಾರೆ. ಗಡ್ಡೆಯ ಜೊತೆಗೆ ಕುತ್ತಿಗೆಯ ಗ್ರಂಥಿಗಳನ್ನೂ ಅದೇ ಸಲ ತೆಗೆದರೆ ಬದುಕುವವರು ಹೆಚ್ಚು ಎಂದು ಜಗತ್ತಿಗೆ ತೋರಿಸಿದ್ದು ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆ. 2015ರಲ್ಲಿ ಬಂದ ಅವರ ಅಧ್ಯಯನದಲ್ಲಿ, ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಶೇ 80 ಮಂದಿ ಬದುಕಿದ್ದರು. ಗಂಟು ಕಂಡಮೇಲೆ ತೆಗೆದರಾಯಿತು ಎಂದು ಕಾದವರಲ್ಲಿ ಶೇ 67.5. ತಡವಾದರೆ ದವಡೆಯ ಮೂಳೆ ಹೋಗುತ್ತದೆ, ಎದೆಯಿಂದಲೋ ಕಾಲಿನಿಂದಲೋ ಮಾಂಸ ತಂದು ಕೆನ್ನೆ ಕಟ್ಟಬೇಕಾಗುತ್ತದೆ. ಆಮೇಲೆ ಆರು ವಾರದಷ್ಟು ಕರೆಂಟ್, ಅಂದರೆ ವಿಕಿರಣ, ಕೊಡುತ್ತಾರೆ, ವಾರಕ್ಕೆ ಐದು ದಿನ. ಜೊತೆಗೆ ಕೆಲವರಿಗೆ ಸಿಸ್‌ಪ್ಲಾಟಿನ್ ಎಂಬ ಕೀಮೊ. ಬಾಯಿಯೆಲ್ಲ ಹುಣ್ಣಾಗಿ ಗಂಜಿ ನುಂಗುವುದೂ ಕಷ್ಟ, ಜೊಲ್ಲು ಬತ್ತುತ್ತದೆ. ಆದರೂ ಅರ್ಧಕ್ಕೆ ಬಿಡಬಾರದು. ಬಿಟ್ಟು ಬಿಟ್ಟು ತೆಗೆದುಕೊಂಡರೆ ಫಲ ಕಡಿಮೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಈ ಕೆಲಸ ಮಾಡುತ್ತಿದೆ. ಬಿಪಿಎಲ್ ಕಾರ್ಡಿನ ಮನೆಗೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ತೋಟ ಅಡ ಇಡುವ ಮೊದಲು ಅದನ್ನು ವಿಚಾರಿಸು.

ನಿನ್ನ ತಂಗಿಗೂ ಒಂದು ಮಾತು. ಗರ್ಭಕಂಠದ ಕ್ಯಾನ್ಸರ್ ಬಹುಪಾಲು ಎಚ್‌ಪಿವಿ ಎಂಬ ವೈರಸ್‌ನಿಂದ ಬರುತ್ತದೆ. ಅದನ್ನು ಕಂಡುಹಿಡಿದ ಜರ್ಮನಿಯ ಹರಾಲ್ಡ್ ಝುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಆ ವೈರಸ್ಸಿಗೆ ಲಸಿಕೆ ಇದೆ, ಒಂಬತ್ತರಿಂದ ಹದಿನಾಲ್ಕರ ವಯಸ್ಸಿನಲ್ಲಿ ಹಾಕಿಸಿದರೆ ಹೆಚ್ಚು ಪ್ರಯೋಜನ. 2023ರಿಂದ ನಮ್ಮ ದೇಶದಲ್ಲೇ ತಯಾರಾದ ಲಸಿಕೆಯೂ ಸಿಗುತ್ತಿದೆ. ಅವಳಿಗಿನ್ನೂ ಹದಿಮೂರು. ಹಾಕಿಸಿ ಎಂದು ನಿನ್ನ ಅಪ್ಪನಿಗೆ ನಾನೂ ಹೇಳುತ್ತೇನೆ, ನೀನೂ ಹೇಳು.

ಎಲ್ಲರೂ ಬಿಟ್ಟರೆ ನಮ್ಮ ಅಡಿಕೆ ಯಾರು ಕೊಳ್ಳುತ್ತಾರೆ ಎಂದು ನೀನು ಕೇಳಬಹುದು. ಅದು ನ್ಯಾಯವಾದ ಪ್ರಶ್ನೆ. ತೋಟದ ನಡುವೆ ಮೆಣಸು, ಜಾಯಿಕಾಯಿ, ಕಾಫಿ, ಕೋಕೋ ಬೆಳೆಸುವ ಮಾತು ಅದಕ್ಕೇ ನಾನು ಆಡುತ್ತಿರುವುದು. ಕೂತು ಇನ್ನೊಮ್ಮೆ ಮಾತಾಡೋಣ. ಆದರೆ ಅಡಿಕೆಗೆ ಬೆಲೆ ಉಳಿಸಲು ನಿನ್ನ ಕೆನ್ನೆ ಬೇಕಾಗಿಲ್ಲ. 2022ರ ಒಂದೇ ವರ್ಷದಲ್ಲಿ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಯಿಂದ ಜಗತ್ತಿನಲ್ಲಿ ಬಂದ ಬಾಯಿ ಕ್ಯಾನ್ಸರ್ ಸುಮಾರು 1,20,000. ಅದರಲ್ಲಿ 83,000ಕ್ಕೂ ಹೆಚ್ಚು ನಮ್ಮ ದೇಶದ್ದೇ.

ಬಿಡುವುದು ಸುಲಭವಲ್ಲ. ಅರೆಕೊಲಿನ್ ಕೂಡ ನಿಕೋಟಿನ್ ಹಾಗೆಯೇ ಮಿದುಳನ್ನು ಹಿಡಿಯುತ್ತದೆ. ಮೊದಲ ವಾರ ಸಿಡುಕು, ತಲೆನೋವು, ನಿದ್ದೆ ಬಾರದಿರುವುದು ಎಲ್ಲ ಇರುತ್ತದೆ, ಆಮೇಲೆ ಇಳಿಯುತ್ತದೆ. ಜೇಬಿನಲ್ಲಿರುವ ಪೊಟ್ಟಣವನ್ನು ಇವತ್ತೇ ಬಚ್ಚಲ ಒಲೆಗೆ ಹಾಕು. ಒಬ್ಬನಿಂದ ಆಗದಿದ್ದರೆ 1800-11-2356ಕ್ಕೆ ಫೋನ್ ಮಾಡು. ಅದು ತಂಬಾಕು ಬಿಡಿಸಲು ಸರ್ಕಾರ ನಡೆಸುವ ಸಹಾಯವಾಣಿ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.